ರಾಯರ ಫೋಟೊ ಕೆಳಗೆ ಉಳಿದ ಫಾರ್ಮ್

ಲಂಡನ್ನಿನ ಸಟನ್‌ನಿಂದ ಮೇಘನಾ ಫೋನ್ ಮಾಡಿ, "ಆಂಟಿ, ಈ ಕೆಲ್ಸದಲ್ಲಿ ನಿಜವಾಗ್ಲೂ ಕಷ್ಟ ಅನ್ನೋದು ಯಾವ್ದು? ಮುಚ್ಚಿಡ್ದೆ ಹೇಳಿ" ಎಂದು ಕೇಳಿದಳು. ನಾನು "ಮಳೆ" ಎಂದೆ. ಅವಳು ನಕ್ಕಳು, ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಮನಸ್ಸಿಗೆ ಕಿರಿಕಿರಿಯಾಯಿತು. ಹದಿನಾರು ವರ್ಷ ನಾನು ಮಾಡಿದ ರಗ್ಬಿ ಕಪ್ಪಿನ ಕಾರ್ಯದರ್ಶಿ ಕೆಲಸವನ್ನು ಈ ಹುಡುಗಿ ವಹಿಸಿಕೊಳ್ಳುತ್ತಿದ್ದಾಳೆ. ಆಫೀಸು, ಎರಡು ಮಕ್ಕಳು, ಅದರ ಮೇಲೆ ಭಾನುವಾರಗಳನ್ನೂ ಕೊಡುತ್ತೇನೆ ಎಂದು ತಾನಾಗಿ ಮುಂದೆ ಬಂದವಳು. ಅವಳಿಗೆ ಮಳೆಯ ಮಾತು ಹೇಳಿ ಸಾಗಹಾಕಿದ್ದು ಸರಿಯಲ್ಲ. ಮಳೆ ಬಂದರೆ ಪಂದ್ಯ ಮುಂದೂಡಿದರಾಯಿತು. ಹೇಳಬೇಕಾದದ್ದು ನಾನು ಮಾಡಿದ ಒಂದು ತಪ್ಪು. ಅದರಿಂದ ಒಬ್ಬನ ಜೀವಕ್ಕೇ ಕುತ್ತು ಬರುವುದಿತ್ತು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಸಂಬಳದ ನೌಕರಿ ಮಾಡಿದವಳಲ್ಲ. ಧಾರವಾಡದಿಂದ ಮದುವೆಯಾಗಿ ಬಂದು ಪಶ್ಚಿಮ ಲಂಡನ್ನಿನ ಹೌನ್ಸ್ಲೋದಲ್ಲಿ ಮನೆ, ಮಗಳು, ಅಡುಗೆ, ಗುರುವಾರದ ಪೂಜೆ ಎಂದು ಇದ್ದವಳು. ನಮ್ಮವರು ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರು. ಬಿಡುವಿದ್ದ ಭಾನುವಾರ ರಗ್ಬಿ ಲೀಗ್ ಪಂದ್ಯಗಳಿಗೆ ಪುಕ್ಕಟೆ ಡಾಕ್ಟರಾಗಿ ಹೋಗುತ್ತಿದ್ದರು. ಟಿವಿಯಲ್ಲಿ ಹೆಚ್ಚಾಗಿ ಕಾಣುವ ಹದಿನೈದು ಜನರ ರಗ್ಬಿಯಲ್ಲ ಇದು. ಒಂದೊಂದು ಕಡೆ ಹದಿಮೂರು ಜನ ಆಡುವ ಆಟ. ಹುಟ್ಟಿದ್ದು ಉತ್ತರ ಇಂಗ್ಲೆಂಡಿನಲ್ಲಿ. ಲಂಡನ್ನಿನಲ್ಲಿ ಆಡುವವರು ಕಡಿಮೆ, ಮೈದಾನ ಇನ್ನೂ ಕಡಿಮೆ. ನಮ್ಮ ಕ್ಲಬ್ಬುಗಳಲ್ಲಿ ಪ್ಲಂಬರ್, ಬಸ್ ಡ್ರೈವರ್, ನರ್ಸ್, ಮೇಷ್ಟ್ರು ಇಂಥವರೇ ಇದ್ದರು. ವಾರವೆಲ್ಲ ದುಡಿದು ಭಾನುವಾರ ಒಬ್ಬರನ್ನೊಬ್ಬರು ಕೆಡವಲು ಬರುತ್ತಿದ್ದರು.

ನಾನು ಫ್ಲಾಸ್ಕಿನಲ್ಲಿ ಚಹಾ ಹಿಡಿದು ಕಾರಿನಲ್ಲಿ ಕೂತಿರುತ್ತಿದ್ದೆ. ಒಂದು ದಿನ ಅಂಕ ಬರೆಯುವವನು ಬರಲಿಲ್ಲ. ಈ ಕ್ಲಬ್ಬುಗಳ ನಡುವಿನ ಕಪ್ ಪಂದ್ಯಾವಳಿಯ ಸಮಿತಿ ಅಧ್ಯಕ್ಷ ಡೆನಿಸ್ ಕಾರಿನ ಕಿಟಕಿ ತಟ್ಟಿ, "ಬರೆಯೋಕೆ ಬರುತ್ತಾ, ಲವ್?" ಎಂದ. ಉತ್ತರದ ಕಡೆಯವರು ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ ಎಂದು ತಿಳಿಯುವವರೆಗೆ, ಎರಡು ವಾರ, ನಮ್ಮವರು ಅವನ ಮೇಲೆ ಒಂದು ಕಣ್ಣಿಟ್ಟೇ ಇದ್ದರು. ಅಂಕ ಬರೆಯಲು ಕೂತವಳು ಎರಡು ವರ್ಷದಲ್ಲಿ ಕಪ್ಪಿನ ಕಾರ್ಯದರ್ಶಿಯಾದೆ. ಕುಲಕರ್ಣಿ ಎಂಬ ಹೆಸರು ಅವರ ಬಾಯಿಗೆ ಹಿಡಿಯಲಿಲ್ಲ, ಎಲ್ಲರಿಗೂ ಮಿಸೆಸ್ ಕೆ ಆದೆ.

ಡೆನಿಸ್ ನನ್ನ ಗುರು. ಅನುದಾನದ ಅರ್ಜಿ ಬರೆಯುವುದನ್ನು ಅವನೇ ಕಲಿಸಿದ. ನಾನು ಮೊದಲ ಅರ್ಜಿಯಲ್ಲಿ ದಯವಿಟ್ಟು, ಕೃಪೆ ಮಾಡಿ ಎಂದೆಲ್ಲ ಬರೆದಿದ್ದೆ. ಅವನು ಅದನ್ನು ಓದಿ, "ಇದು ಅರ್ಜಿನಾ, ಪ್ರಾರ್ಥನೆನಾ?" ಎಂದ. "ದುಡ್ಡು ಕೊಡೋರಿಗೆ ನಮ್ಮ ಕಷ್ಟ ಬೇಕಿಲ್ಲ. ಕೊಡದಿದ್ದರೆ ಯಾವ ದಿನ, ಯಾವ ಮೈದಾನದಲ್ಲಿ, ಯಾರ ಆಟ ನಿಲ್ಲುತ್ತೆ ಅಂತ ಬರಿ." ಅಂದಿನಿಂದ ಹಾಗೇ ಬರೆದೆ. ಮೇಘನಾ, ನೀನೂ ಹಾಗೇ ಬರಿ.

ಆದರೆ ಒಂದು ಅಭ್ಯಾಸವನ್ನು ಯಾರೂ ಬಿಡಿಸಲಾಗಲಿಲ್ಲ. ನಮ್ಮ ಮನೆಯಲ್ಲಿ ದೇವರು ಇರುವುದು ಅಡುಗೆಮನೆಯಲ್ಲಿ, ಬಾಯ್ಲರ್ ಪಕ್ಕದ ಕಪಾಟಿನಲ್ಲಿ. ತವರಿನಲ್ಲಿ ಮದುವೆ ಪತ್ರಿಕೆ ಆಗಲಿ, ಪರೀಕ್ಷೆಯ ಹಾಲ್ ಟಿಕೆಟ್ ಆಗಲಿ, ಮುಖ್ಯವಾದ ಕಾಗದವೆಂದರೆ ಮೊದಲು ದೇವರ ಮುಂದಿಟ್ಟು, ಮೂಲೆಗೆ ಕುಂಕುಮ ಹಚ್ಚಿ, ಆಮೇಲೆ ಹೊರಗೆ ಹೋಗಬೇಕು. ನಾನು ಕಪ್ಪಿನ ಕಾಗದಗಳನ್ನೂ ಹಾಗೇ ಮಾಡುತ್ತಿದ್ದೆ. ಅನುದಾನದ ಅರ್ಜಿ, ಪಂದ್ಯಗಳ ಪಟ್ಟಿ, ರೆಫರಿಗಳ ಪಟ್ಟಿ, ಯಾವುದೇ ಇರಲಿ ಒಂದು ರಾತ್ರಿ ರಾಯರ ಮುಂದಿದ್ದು ಬೆಳಿಗ್ಗೆ ಪೂಜೆಯ ನಂತರ ಅಂಚೆಗೋ ಸ್ಕ್ಯಾನಿಗೋ ಹೋಗುತ್ತಿತ್ತು. ಯಾರ ಎದುರು ಯಾರು ಎಂದು ಚೀಟಿ ಎತ್ತುವುದಕ್ಕೂ ಭಾನುವಾರದ ರಾಹುಕಾಲ ಕಳೆಯಬೇಕು. ಡೆನಿಸ್ ಫೋನಿನಲ್ಲಿ ಕಾಯುತ್ತ, "ಏನಕ್ಕೆ ಕಾಯ್ತಿದ್ದೀವಿ, ಮಿಸೆಸ್ ಕೆ?" ಎನ್ನುತ್ತಿದ್ದ.

"ಒಂದು ಕೆಟ್ಟ ಗಳಿಗೆ ದಾಟಬೇಕು."

"ನಮ್ಮ ಕ್ಲಬ್ಬುಗಳಿಗೆ ಅದು ಹುಟ್ಟಿದಾಗಿಂದ ನಡೀತಾನೇ ಇದೆ. ಎತ್ತು ಚೀಟಿ."

ಮಗಳಿಗೂ ಇದು ತಮಾಷೆ. "ಅಮ್ಮಾ, ಗಾಡ್‌ಗೂ ಸಿಸಿ ಮಾಡ್ತೀಯಾ?" ಎಂದು ಕೇಳುತ್ತಿದ್ದಳು. ನಾನು ನಗುತ್ತಿದ್ದೆ. ಅದರಿಂದ ಕೆಡುಕಾಗಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ನನ್ನ ತಪ್ಪು ನಡೆದದ್ದು ನಾನು ಕೆಲಸದಲ್ಲಿ ಪಳಗಿದ ಮೇಲೆ. ಅದನ್ನು ಗಮನಿಸಬೇಕು. ಹೊಸಬರು ಹೆದರುತ್ತಾರೆ, ಎರಡು ಸಲ ನೋಡುತ್ತಾರೆ. ಪಳಗಿದವರ ಕೈ ತಾನಾಗಿ ಓಡುತ್ತದೆ.

ಆ ವರ್ಷ ನಮ್ಮ ಕಪ್ಪಿಗೆ ಹಣ ಕೊಡುತ್ತಿದ್ದ ಟ್ರಸ್ಟ್ ಒಂದು ಮಾತು ಹೇಳಿತ್ತು. ಫೈನಲ್ ನೋಡಲು ಅವರ ಕಡೆಯಿಂದ ಹೆಲೆನ್ ಎಂಬಾಕೆ ಬರುತ್ತಾಳೆ. ಎಲ್ಲ ಕ್ರಮವಾಗಿ ನಡೆದರೆ ಮುಂದಿನ ಮೂರು ವರ್ಷಕ್ಕೆ ಅನುದಾನ, ಇಲ್ಲದಿದ್ದರೆ ಇಲ್ಲ. ಬೇರೆ ಯಾರೂ ಕೊಡುವವರಿರಲಿಲ್ಲ.

ಸೆಮಿಫೈನಲ್ ನಮ್ಮ ಹೌನ್ಸ್ಲೋ ಕಡೆಯ ಹೆರನ್ಸ್ ಕ್ಲಬ್ಬಿನದು. ಅವರ ಆಟವೆಲ್ಲ ಲಯಮ್ ಎಂಬವನ ಮೇಲೆ ನಿಂತಿತ್ತು. ಇಪ್ಪತ್ತೇಳರ ವಯಸ್ಸು, ಕೆಂಪು ಬಸ್ಸು ಓಡಿಸುವವನು. ಆರನೇ ನಂಬರಿನ ಅಂಗಿ. ಪಂದ್ಯ ಮುಗಿಯಲು ಹತ್ತು ನಿಮಿಷವಿದ್ದಾಗ ಎದುರಿನವನ ಮೊಣಕಾಲು ಅವನ ಕಿವಿಯ ಮೇಲೆ ಬಡಿಯಿತು. ಬಿದ್ದವನು ಎದ್ದ, ಮತ್ತೆ ಕೂತ. ಪ್ರಥಮ ಚಿಕಿತ್ಸೆಯ ಹೆಂಗಸು ಹೊರಗೆ ಕರೆತಂದು ತಲೆಪೆಟ್ಟಿನ ಫಾರ್ಮ್ ತುಂಬಿ, ಸಹಿ ಮಾಡಿ, ನನ್ನ ಕೈಗೆ ಕೊಟ್ಟಳು. ನಮ್ಮವರಿಗೆ ಅವತ್ತು ಆಸ್ಪತ್ರೆಯಲ್ಲಿ ಡ್ಯೂಟಿ. ಆ ಫಾರ್ಮ್ ನಾನು ಪ್ರಾದೇಶಿಕ ಕಚೇರಿಗೆ ಕಳಿಸಬೇಕು. ಅವರು ಅವನ ಹೆಸರನ್ನು ತಡೆಪಟ್ಟಿಗೆ ಸೇರಿಸುತ್ತಾರೆ. ಕಡಿಮೆಯೆಂದರೆ ಮೂರು ವಾರ ಅವನು ಆಡುವಂತಿಲ್ಲ. ಹೆರನ್ಸ್ ಗೆದ್ದರು, ಫೈನಲ್ ಇದ್ದದ್ದು ಎರಡೇ ವಾರಕ್ಕೆ.

ಸಂಜೆ ಮನೆಗೆ ಬಂದು ಟ್ರಸ್ಟಿನ ವರದಿ, ಸೆಮಿಫೈನಲ್ ಫಲಿತಾಂಶ ಎಲ್ಲ ಒಂದು ಕವರಿನಲ್ಲಿ ಹಾಕಿ ದೇವರ ಮುಂದಿಟ್ಟೆ. ಲಯಮ್‌ನ ಫಾರ್ಮ್ ಮಾತ್ರ ಬೇರೆಯಾಗಿ ಎತ್ತಿಕೊಂಡೆ. ಮೈದಾನದಲ್ಲಿ ಅವನು ಕೂತಿದ್ದ ರೀತಿ ಕಣ್ಣಿಗೆ ಕಟ್ಟಿತ್ತು. ಯಾರ ಮಗನೋ, ರಾಯರು ಕಾಯಲಿ ಎಂದು ಆ ಹಾಳೆಯನ್ನು ಮಡಚಿ ಫೋಟೊದ ಅಡಿಗೇ ಇಟ್ಟೆ. ಮೇಲೆ ಎರಡು ಕಾಳು ಮಂತ್ರಾಕ್ಷತೆ. ಬೆಳಿಗ್ಗೆ ಕವರು ಎತ್ತಿಕೊಂಡೆ, ಒಂದೊಂದೇ ಹಾಳೆ ಸ್ಕ್ಯಾನ್ ಮಾಡಿ ಕಳಿಸಿದೆ. ಫಾರ್ಮ್ ಫೋಟೊದ ಅಡಿಯಲ್ಲೇ ಉಳಿಯಿತು.

ಹದಿನಾಲ್ಕು ದಿನ ಅದರ ಮುಂದೆ ದೀಪ ಹಚ್ಚಿದೆ.

ಫೈನಲ್ ದಿನ ಬೆಳಿಗ್ಗೆ, ವಿಶೇಷದ ದಿನವೆಂದು ದೇವರ ಕಪಾಟಿನ ಬಟ್ಟೆ ಬದಲಿಸಲು ಹೋದೆ. ಫೋಟೊ ಎತ್ತಿದಾಗ ಹಾಳೆ ಜಾರಿ ಒಲೆಯ ಕಟ್ಟೆಯ ಮೇಲೆ ಬಿತ್ತು. ಬಿಚ್ಚಿ ನೋಡಿದೆ.

ನಮ್ಮವರು ಒಳಗೆ ಬಂದು, "ಯಾಕ ಹಂಗ ನಿಂತೀ? ಹಾಲು ಉಕ್ಕಲಿಕ್ಕತ್ತದ ನೋಡು" ಎಂದರು. ನಾನು ಹಾಳೆ ಅವರ ಕೈಗೆ ಕೊಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ಇದನ್ನ ಕಳಿಸಿಲ್ಲೇನು?"

"ಕಳಿಸೀನಿ ಅಂತನ ತಿಳ್ಕೊಂಡಿದ್ದೆ."

"ಇವತ್ತ ಅವನ್ನ ಆಡಸ್ತಾರೇನು?"

"ಗೊತ್ತಿಲ್ಲರಿ."

"ಎರಡನೇ ಸಲ ಪೆಟ್ಟು ಬಿದ್ರ ಏನಾಗ್ತದ ಅಂತ ನಿನಗ ಗೊತ್ತದ."

ಗೊತ್ತಿತ್ತು. ವಾಸಿಯಾಗದ ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಮಿದುಳು ಬಾತುಕೊಳ್ಳುತ್ತದೆ, ಮೈದಾನದಿಂದ ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದೂ ಹೋಗಬಹುದು. ಪ್ರತಿ ವರ್ಷ ತರಬೇತಿಯಲ್ಲಿ ಅದನ್ನು ಓದಿ ಹೇಳುತ್ತಿದ್ದವಳು ನಾನೇ.

ಕಚೇರಿಗೆ ಫೋನ್ ಮಾಡಿದೆ; ಭಾನುವಾರ, ಯಾರೂ ಎತ್ತಲಿಲ್ಲ. ಹೆರನ್ಸ್ ಕೋಚ್ ಬ್ಯಾರಿಗೆ ಮಾಡಿದೆ, ಅವನೂ ಎತ್ತಲಿಲ್ಲ. ಫೈನಲ್ ಪೂರ್ವ ಲಂಡನ್ನಿನಲ್ಲಿ. ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಕಾರು ನಿಂತು ನಿಂತು ಹೋಗುತ್ತಿತ್ತು. ಫಾರ್ಮ್ ನನ್ನ ಮಡಿಲಲ್ಲಿ. ಅವನಿಗೆ ಜ್ವರ ಬಂದಿರಲಿ, ಶಿಫ್ಟ್ ಇರಲಿ, ಹೇಗಾದರೂ ಆ ಹೆಸರು ಇವತ್ತು ಆಟಗಾರರ ಪಟ್ಟಿಯಲ್ಲಿ ಇರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹೆಸರು ಇಲ್ಲದಿದ್ದರೆ ನನ್ನ ತಪ್ಪು ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆಯೂ ಅದರಲ್ಲಿ ಇತ್ತು. ಸುಳ್ಳು ಹೇಳುವುದಿಲ್ಲ.

ಆಟ ಎರಡೂವರೆಗೆ. ಒಂದೂವರೆಗೆ ಬ್ಯಾರಿ ಆಟಗಾರರ ಪಟ್ಟಿ ತಂದುಕೊಟ್ಟ. ಆರನೇ ನಂಬರಿನ ಮುಂದೆ ಲಯಮ್‌ನ ಹೆಸರು.

"ಬ್ಯಾರಿ, ಇವನಿಗೆ ತಲೆಗೆ ಪೆಟ್ಟಾಗಿತ್ತಲ್ಲ."

"ತಡೆಪಟ್ಟಿಯಲ್ಲಿ ಇದ್ದಾನಾ?"

"ಇಲ್ಲ. ಆದರೆ..."

"ಮತ್ತೆ? ಇವತ್ತು ಬೆಳಿಗ್ಗೆ ಕೂಡ ನೋಡಿದೆ. ನಮ್ಮ ಹುಡುಗರ ಹೆಸರು ಒಂದೂ ಅದರಲ್ಲಿಲ್ಲ."

ಪರ್ಸಿನಿಂದ ಫಾರ್ಮ್ ತೆಗೆದು ತೋರಿಸಿದೆ. ಮೂಲೆಯಲ್ಲಿ ಕುಂಕುಮ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. "ಇದು ಇಷ್ಟು ದಿನ ಎಲ್ಲಿತ್ತು?"

"ನಮ್ಮ ಮನೆಯಲ್ಲಿ. ಕಳಿಸಲು ಮರೆತೆ."

"ಹಾಗಾದರೆ ಇನ್ನೊಂದು ವಾರ ಮರೆತೇ ಇರಿ. ಲಯಮ್ ಇಲ್ಲ ಅಂದರೆ ಹೆರನ್ಸ್ ಇಲ್ಲ. ಬಸ್ಸು ಹತ್ತಿ ಮನೆಗೆ ಹೋಗ್ತೀವಿ. ಟ್ರಸ್ಟಿನ ಮೇಡಮ್‌ಗೆ ಯಾಕೆ ಅಂತ ನೀವೇ ಹೇಳಿ."

ಡೆನಿಸ್‌ನನ್ನು ಕ್ಲಬ್ ಮನೆಯ ಹಿಂದೆ, ಬಿಯರ್ ಪೀಪಾಯಿ ಇಡುವ ಕಡೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಅತ್ತ ಹೆಲೆನ್ ಕಾಗದದ ಲೋಟದಲ್ಲಿ ಚಹಾ ಹಿಡಿದು ಯಾರೊಂದಿಗೋ ನಗುತ್ತಿದ್ದಳು.

"ಯಾರು ಯಾರಿಗೆ ಗೊತ್ತು?" ಎಂದ ಡೆನಿಸ್.

"ನನಗೆ. ನಮ್ಮವರಿಗೆ. ಬ್ಯಾರಿಗೆ. ಈಗ ನಿನಗೆ."

"ನಲವತ್ತು ವರ್ಷ ಈ ಕಪ್ ಎಳೆದುಕೊಂಡು ಬಂದಿದ್ದೀನಿ, ಲವ್. ಇವತ್ತು ನಿಂತರೆ ಮತ್ತೆ ಏಳಲ್ಲ." ಅವನ ದನಿ ಸಣ್ಣದಾಗಿತ್ತು. ಆಟ ನಡೆಸು ಎನ್ನುತ್ತಾನೆಂದು ಕಾದೆ. ಅವನು ಹಾಗೆನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. "ಕಾರ್ಯದರ್ಶಿ ನೀನು. ಹಾಳೆ ನಿನ್ನ ಕೈಲಿದೆ" ಎಂದು ಹೊರಟುಹೋದ. ಇಷ್ಟು ವರ್ಷದ ಗುರು ಆ ಹೊತ್ತಿಗೆ ನನ್ನನ್ನು ಒಂಟಿ ಬಿಟ್ಟದ್ದಕ್ಕೆ ಮೊದಲು ಕೋಪ ಬಂತು. ನನ್ನ ತಪ್ಪನ್ನು ಅವನ ತಲೆಗೆ ಕಟ್ಟಲು ಹೋದವಳು ನಾನು ಎಂದು ಆಮೇಲೆ ತಿಳಿಯಿತು.

ಆಟಗಾರರ ಕೋಣೆಗೆ ನಾನು ಎಂದೂ ಹೋದವಳಲ್ಲ. ಬಾಗಿಲ ಹೊರಗೆ ನಿಂತು ಲಯಮ್‌ನನ್ನು ಕರೆಸಿದೆ. ಅಂಗಿ ಹಾಕಿಕೊಂಡು ನಗುತ್ತ ಬಂದ. ನಾನು ಮಾತು ಶುರು ಮಾಡುವ ಮೊದಲೇ ದನಿ ತಗ್ಗಿಸಿ, "ನಿಮಗೆ ಥ್ಯಾಂಕ್ಸ್ ಹೇಳಬೇಕಿತ್ತು, ಮಿಸೆಸ್ ಕೆ" ಎಂದ.

"ಯಾವುದಕ್ಕೆ?"

"ಫಾರ್ಮ್ ಕಳಿಸದೇ ಇದ್ದದ್ದಕ್ಕೆ. ಕಳಿಸಿದ್ದರೆ ನನ್ನ ಹೆಸರು ತಡೆಪಟ್ಟಿಗೆ ಬಂದು ಬಸ್ ಡಿಪೋಗೂ ಸುದ್ದಿ ಹೋಗ್ತಿತ್ತು, ಸ್ಟಿಯರಿಂಗ್ ಮುಟ್ಟೋಕೆ ಬಿಡ್ತಿರಲಿಲ್ಲ. ಮನೆ ಬಾಡಿಗೆ, ಮಗು. ನೀವು ಗೊತ್ತಿದ್ದೇ ಕಾಪಾಡಿದ್ರಿ ಅಂತ ನನ್ನ ಹೆಂಡತಿಗೂ ಹೇಳಿದೆ."

ಅವನು ಆಡುವುದೊಂದೇ ನನ್ನ ತಲೆಯಲ್ಲಿತ್ತು. ಈ ಹದಿನಾಲ್ಕು ದಿನ ಅವನು ಬಸ್ಸು ಓಡಿಸಿದ್ದಾನೆ ಎಂಬುದು ಹೊಳೆದೇ ಇರಲಿಲ್ಲ. ಹೌನ್ಸ್ಲೋದ ರಸ್ತೆಗಳಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ.

"ನಾನು ಕಾಪಾಡಲಿಲ್ಲ, ಲಯಮ್. ಮರೆತೆ. ಅಷ್ಟೇ ಆದದ್ದು."

ಅವನ ನಗು ಹೋಯಿತು.

"ತಲೆ ನೋಯುತ್ತದಾ?"

ಅವನು ಬಾಗಿಲ ಕಡೆ ನೋಡಿದ.

"ನಿನ್ನ ತಾಯಿ ಕೇಳುತ್ತಿದ್ದಾಳೆ ಅಂದುಕೋ."

"ಸಂಜೆ ಹೊತ್ತು," ಎಂದ. "ಎದುರು ಬರೋ ಗಾಡಿಗಳ ಲೈಟು ಎರಡೆರಡು ಕಾಣುತ್ತೆ. ಕಣ್ಣು ಉಜ್ಜಿದರೆ ಸರಿಯಾಗುತ್ತೆ."

ಪೆನ್ನು ತೆಗೆದು, ಗೋಡೆಯ ಮೇಲೆಯೇ ಆಟಗಾರರ ಪಟ್ಟಿ ಇಟ್ಟುಕೊಂಡು, ಅವನ ಕಣ್ಣೆದುರೇ ಅವನ ಹೆಸರು ಹೊಡೆದುಹಾಕಿದೆ. ಪಕ್ಕದಲ್ಲಿ ನನ್ನ ಸಹಿ. ಅವನು ನನ್ನನ್ನು ಬೈಯಲಿಲ್ಲ. "ನನ್ನ ಕೆಲಸ ಹೋಯ್ತು" ಎಂದಷ್ಟೇ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು.

ರೆಫರಿಯ ಬಳಿ ಹೋದಾಗ ಹೆಲೆನ್ ಅಲ್ಲೇ ಇದ್ದಳು. ಅವಳು ಆಚೆ ಹೋಗಲಿ ಎಂದು ಕಾಯಬಹುದಿತ್ತು, ಕಾಯಲಿಲ್ಲ. ಕಾದರೆ ನನ್ನ ಧೈರ್ಯವೂ ಆಚೆ ಹೋಗುತ್ತಿತ್ತು. ಫಾರ್ಮ್ ಕೊಟ್ಟು, ಆದದ್ದನ್ನು ಆದ ಹಾಗೆ ಹೇಳಿದೆ. ದೇವರ ಫೋಟೊದ ಅಡಿ ಇಟ್ಟಿದ್ದೆ ಎಂಬುದನ್ನೂ ಹೇಳಿದೆ. ರೆಫರಿ ಕುಂಕುಮವನ್ನು ಬೆರಳಿನಿಂದ ಮುಟ್ಟಿ, "ಇದು ರಕ್ತವಾ?" ಎಂದು ಕೇಳಿದ. ಅಲ್ಲ ಎಂದೆ. ಯಾರೂ ನಗಲಿಲ್ಲ.

ಎರಡೂವರೆ ಆಯಿತು. ಫೆರಿಮೆನ್ ಎಂಬ ಎದುರಾಳಿ ಕ್ಲಬ್ಬಿನವರು ಮೈದಾನಕ್ಕಿಳಿದು ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಹೆರನ್ಸ್ ಕೋಣೆಯ ಬಾಗಿಲು ಮುಚ್ಚಿತ್ತು, ಒಳಗೆ ಜಗಳದ ಸದ್ದು. ಕಾಲು ಗಂಟೆ ಕಾದರೂ ಬರದಿದ್ದರೆ ಪಂದ್ಯ ರದ್ದು ಎಂಬುದು ನಿಯಮ. ಆ ನಿಯಮ ಬರೆದವಳೂ ನಾನೇ. ಕೈಗಡಿಯಾರ ನೋಡುತ್ತ ನಿಂತೆ. ಡೆನಿಸ್ ಸ್ವಲ್ಪ ದೂರದಲ್ಲಿ ನಿಂತಿದ್ದ, ಹತ್ತಿರ ಬರಲಿಲ್ಲ. ಹದಿಮೂರನೇ ನಿಮಿಷಕ್ಕೆ ಬಾಗಿಲು ತೆರೆದು ಬ್ಯಾರಿ ಬಂದ.

"ಆರನೇ ನಂಬರಿಗೆ ಇನ್ನೊಬ್ಬನ ಹೆಸರು ಬರೆದುಕೊಳ್ಳಿ. ನಿಮಗೋಸ್ಕರ ಅಲ್ಲ. ನೀವು ಆಡಿ ಅಂತ ಲಯಮ್ ಹೇಳಿದ, ಅದಕ್ಕೆ."

ಪಂದ್ಯ ನಡೆಯಿತು. ಹೆರನ್ಸ್ ಸೋತರು. ನಾನು ಅಂಕ ಬರೆದೆ ನಿಜ, ಆದರೆ ಏನು ನೋಡಿದೆ ಎಂದು ಕೇಳಿದರೆ ಹೇಳಲಾರೆ. ನಮ್ಮವರು ಲಯಮ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿದ್ದರು. ಫೋನ್ ಬಂದಾಗ ಆಟ ಮುಗಿಯಲು ಇನ್ನೂ ಹೊತ್ತಿತ್ತು.

"ಸ್ಕ್ಯಾನ್ ಆತು. ನಿನಗ ಹೇಳ್ರಿ ಅಂತ ಅವನ ಹೇಳ್ಯಾನ. ಒಳಗ ರಕ್ತ ಅದ."

ಪೆನ್ನನ್ನು ಅಂಕದ ಹಾಳೆಯ ಮೇಲೆ ಇಟ್ಟೆ.

"ಸ್ವಲ್ಪನ ಅದ. ಆಪರೇಷನ್ ಬ್ಯಾಡ, ಎರಡು ದಿನ ಇಟ್ಕೊಂಡು ನೋಡ್ತಾರ. ಕೇಳಸ್ತೇನು? ನೀ ಮದ್ಲ ಎಲ್ಯರ ಕೂಡು."

ಹುಲ್ಲಿನ ಮೇಲೆಯೇ ಕೂತೆ. ಒದ್ದೆಯಾಗಿತ್ತು.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ನನ್ನ ಮೇಲೆ ನಾನೇ ದೂರು ಬರೆದು ಸಮಿತಿಗೆ ಕೊಟ್ಟೆ. ಒಂದು ವರ್ಷ ನನ್ನನ್ನು ಕಾರ್ಯದರ್ಶಿ ಕೆಲಸದಿಂದ ಇಳಿಸಿದರು. ಆ ವರ್ಷ ಚಹಾದ ಮೇಜಿನ ಹಿಂದೆ ನಿಂತೆ. ಟ್ರಸ್ಟ್ ಮೂರು ವರ್ಷದ ಬದಲು ಒಂದೇ ವರ್ಷಕ್ಕೆ ಹಣ ಕೊಟ್ಟಿತು, ಮುಂದಿನದನ್ನು ಪ್ರತಿ ವರ್ಷ ಹೊಸದಾಗಿ ಕೇಳಬೇಕು ಎಂದಿತು. ಪೂರ್ತಿ ನಿಲ್ಲಿಸಲಿಲ್ಲ, ಅದೇ ದೊಡ್ಡದು. ಡೆನಿಸ್ ಒಂದು ತಿಂಗಳು ಮಾತಾಡಲಿಲ್ಲ. ಆಮೇಲೆ ಒಂದು ದಿನ ಚಹಾದ ಮೇಜಿಗೆ ಬಂದು, "ಅವತ್ತು ನಾನು ಓಡಿಹೋದೆ, ಲವ್" ಎಂದ. ನಾನು ಸಕ್ಕರೆ ಎಷ್ಟು ಎಂದು ಕೇಳಿದೆ.

ಮತ್ತೆ ಕಾರ್ಯದರ್ಶಿಯಾದಾಗ ನಾನು ಹಟ ಹಿಡಿದು ಮಾಡಿಸಿದ್ದು ಒಂದೇ. ತಲೆಪೆಟ್ಟಿನ ಫಾರ್ಮ್ ಕಾರ್ಯದರ್ಶಿಯ ಕೈಗೆ ಬರಲೇ ಕೂಡದು. ಪ್ರಥಮ ಚಿಕಿತ್ಸೆಯವರು ಮೈದಾನದಿಂದಲೇ ಕಚೇರಿಗೂ ಕ್ಲಬ್ಬಿಗೂ ಕಳಿಸಬೇಕು, ಅವತ್ತೇ. ಈಗ ಅದು ಫೋನಿನಲ್ಲಿ ಎರಡು ನಿಮಿಷದ ಕೆಲಸ. ಮೇಘನಾ, ಯಾರಾದರೂ ಸಿಗ್ನಲ್ ಇಲ್ಲ, ನೀವೇ ಮನೆಯಿಂದ ಕಳಿಸಿ ಎಂದು ನಿನ್ನ ಕೈಗೆ ಹಾಳೆ ಕೊಡಲು ಬಂದರೆ ಕೈ ಚಾಚಬೇಡ. ಸಿಗ್ನಲ್ ಸಿಗುವ ಕಡೆಗೆ ಅವರನ್ನೇ ನಡೆಸಿಕೊಂಡು ಹೋಗು.

ಮನೆಗೆ ಬಂದವರಿಗೆ ಈ ಕಥೆ ಹೇಳಿದರೆ, "ನೋಡ್ರಿ, ಆಟದ ದಿನಾನ ಹಾಳಿ ಕೆಡವಿದ್ರು ರಾಯರು" ಎನ್ನುತ್ತಾರೆ. ನಾನೂ ಆ ದಯೆಯನ್ನು ದಿನಾ ನೆನೆಯುತ್ತೇನೆ. ಆದರೆ ಹದಿನಾಲ್ಕು ದಿನ ಯಾಕೆ ಕೆಡವಲಿಲ್ಲ ಎಂದು ರಾಯರನ್ನು ಕೇಳಲಾರೆ. ಕಾಯುವುದು ಅವರ ಕೆಲಸ, ಕಳಿಸುವುದು ನನ್ನ ಕೆಲಸವಾಗಿತ್ತು. ಕಾಗದವನ್ನು ಇವತ್ತಿಗೂ ದೇವರ ಮುಂದಿಡುತ್ತೇನೆ. ಕಳಿಸಿ ಆದ ಮೇಲೆ ಇಡುತ್ತೇನೆ.

ಲಯಮ್ ಆಟ ಬಿಟ್ಟ. ಕೆಲಸ ಹೋಗಲಿಲ್ಲ, ಆದರೆ ಬಹಳ ತಿಂಗಳು ಡಿಪೋದಲ್ಲಿ ಕಡಿಮೆ ಸಂಬಳಕ್ಕೆ ಬಸ್ಸು ತೊಳೆಯುವವರ ಜೊತೆ ಹಾಕಿದ್ದರಂತೆ. ಮಗುವನ್ನು ಕರೆದುಕೊಂಡು ಹೆಂಡತಿ ಕೆಲವು ದಿನ ತಾಯಿಯ ಮನೆಯಲ್ಲಿದ್ದಳು ಎಂದು ಕೇಳಿದೆ. ಎರಡು ಸಲ ಪತ್ರ ಬರೆದೆ. ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕೂ ನನಗಿರಲಿಲ್ಲ.

ಒಂದು ಮಧ್ಯಾಹ್ನ ಬೆಲ್ ರೋಡಿನ ಹತ್ತಿರ ತರಕಾರಿ ಚೀಲ ಹಿಡಿದು ಬಸ್ಸು ಹತ್ತಿದೆ. ಟಿಕೆಟಿಗೆ ಕಾರ್ಡು ಮುಟ್ಟಿಸುವಾಗ ಕತ್ತೆತ್ತಿದರೆ ಗಾಜಿನ ಹಿಂದೆ ಅವನು. ಡಾಕ್ಟರು ಸರಿಯೆಂದ ಮೇಲೆ ಮತ್ತೆ ಬಸ್ಸು ಓಡಿಸಲು ಕೊಟ್ಟಿರಬೇಕು. ಅವನು ನನ್ನನ್ನು ನೋಡಿದ, ನಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಹಿಂದಿನವರು ದೂಡುತ್ತಿದ್ದರು. ಒಳಗೆ ನಡೆದೆ.

ಸೀಟು ದೂರವಿತ್ತು, ಮಂಡಿ ನೋವು, ಕೈಯಲ್ಲಿ ಚೀಲ. ಲಂಡನ್ನಿನ ಬಸ್ಸುಗಳು ಯಾರಿಗೂ ಕಾಯುವುದಿಲ್ಲ. ಬಾಗಿಲು ಮುಚ್ಚಿದ್ದೇ ಎಳೆದುಬಿಡುತ್ತವೆ. ಬಾಗಿಲು ಮುಚ್ಚಿತು. ಕಂಬ ಹಿಡಿದುಕೊಂಡೆ. ಬಸ್ಸು ಅಲುಗಲಿಲ್ಲ. ಯಾರೋ "ಏನಾಯ್ತು?" ಎಂದು ಗೊಣಗಿದರು. ನಿಧಾನವಾಗಿ ಹೋಗಿ ಕೂತು, ಚೀಲವನ್ನು ಕಾಲ ಬಳಿ ಇಟ್ಟೆ. ಮುಂದಿನ ಕನ್ನಡಿಯಲ್ಲಿ ಅವನ ಕಣ್ಣು ಒಂದು ಗಳಿಗೆ ಕಂಡಿತು.

ಆಮೇಲೆ ಬಸ್ಸು ಹೊರಟಿತು.